ಮಕ್ಕಳಿಗೆ ಟಿನ್ ವಿಸಲ್: ಡಿ ತಗೊಳ್ಳೋದಾ, ಸಿ ತಗೊಳ್ಳೋದಾ?

ಟಿನ್ ವಿಸಲ್ ಅಂದರೆ ತುದಿಯಿಂದ ಊದುವ, ಆರು ತೂತಿನ ಪುಟ್ಟ ಲೋಹದ ಕೊಳಲು; ಡಿ, ಸಿ ಅನ್ನೋದು ಅದರ ಶ್ರುತಿ. ಮೊದಲೇ ಹೇಳಿಬಿಡುತ್ತೇನೆ. ಮಗು ಮನೆಯಲ್ಲಿ ತಾನೇ ಕೂತು ಕಲಿಯುವುದಾದರೆ ಕಣ್ಣು ಮುಚ್ಚಿಕೊಂಡು ಡಿ ವಿಸಲ್ ತಗೊಳ್ಳಿ. ಹಾರ್ಮೋನಿಯಂ ಜೊತೆಗೋ ಭಜನೆಗೋ ನುಡಿಸಬೇಕು ಅಂತಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಆ ಹಾರ್ಮೋನಿಯಂನಲ್ಲಿ ಸಾ ಯಾವ ಪಟ್ಟಿಯ ಮೇಲಿದೆ ಅಂತ ನೋಡಿಕೊಂಡು ಆಮೇಲೆ ಆರ್ಡರ್ ಮಾಡಿ. ಕಂಪನಿ ಯಾವುದು, ಬಣ್ಣ ಯಾವುದು ಅನ್ನೋದೆಲ್ಲ ಆಮೇಲಿನ ಮಾತು.

ನಾವಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಅಣ್ಣನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಮೊದಲ ವಿಸಲ್ ತರಿಸಿದೆವು, ಈಗ ಅವಳು ಹೈಸ್ಕೂಲು. ಮನೆಯಲ್ಲಿ ಡಿ, ಸಿ, ಬಿ ಫ್ಲ್ಯಾಟ್ ಮೂರೂ ಇವೆ, ಮೂರೂ ದಿನಾ ಬಳಕೆಯಲ್ಲಿವೆ. ಕಾರವಾರದಲ್ಲಿ ಅಕ್ಕನ ಮಗನ ಹತ್ತಿರ ಇನ್ನೊಂದು ಡಿ ಇದೆ. ನಾನು ಬಾನ್ಸುರಿ, ಅಂದರೆ ಹಿಂದುಸ್ತಾನಿ ಸಂಗೀತದ ಬಿದಿರಿನ ಕೊಳಲು ನುಡಿಸುವವನು, ಹಾಗಾಗಿ ಎರಡನ್ನೂ ಹೋಲಿಸಿ ನೋಡುವ ಅಭ್ಯಾಸ ಜಾಸ್ತಿ.

ಕೊಳಲು ಬಿಟ್ಟು ಇದ್ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬಾನ್ಸುರಿಯಲ್ಲಿ ಮೊದಲು ಸ್ವರ ಹೊರಡಬೇಕಲ್ಲ, ಅದೇ ದೊಡ್ಡ ಕೆಲಸ. ತುಟಿ ಸರಿಯಾಗಿ ಕೂರುವವರೆಗೆ ಬರೀ ಗಾಳಿ ಸದ್ದು, ಎಂಟು ವರ್ಷದ ಮಗುವಿಗೆ ಬೇಗ ಬೇಜಾರಾಗುತ್ತದೆ. ವಿಸಲ್‌ನಲ್ಲಿ ಬಾಯಿಗಿಡುವ ತುದಿಯೇ ಗಾಳಿಯನ್ನು ಅಂಚಿಗೆ ಕರೆದೊಯ್ಯುತ್ತದೆ, ಊದಿದ ತಕ್ಷಣ ಸ್ವರ. ಆರು ತೂತು, ಎರಡು ಸಪ್ತಕ. ಬೆರಳು, ತಾಳ, ಸ್ವರಜ್ಞಾನ ಇಷ್ಟನ್ನು ಮೊದಲು ಕಲಿಯಲಿ, ತುಟಿಯ ಕೆಲಸ ಕೈ ದೊಡ್ಡದಾದ ಮೇಲೆ ಬಾನ್ಸುರಿಯಲ್ಲೇ ಆಗಲಿ ಅನ್ನೋದು ನನ್ನ ಅಭಿಪ್ರಾಯ. ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಮಳೆಗಾಲವಿಡೀ ಥಂಡಿ ಹೀರಿದ ಬಿದಿರು ಬೇಸಿಗೆ ಬಂದಾಗ ಸೀಳುತ್ತದೆ. ಲೋಹದ ಕೊಳವೆಗೆ ಆ ತಾಪತ್ರಯ ಇಲ್ಲ.

ಈಗ ಕೀ ವಿಷಯ. ವಿಸಲ್ ಮೇಲೆ ಡಿ ಅಂತ ಬರೆದಿದ್ದರೆ ಆರೂ ತೂತು ಮುಚ್ಚಿ ಊದಿದಾಗ ಬರುವ ಸ್ವರ ಡಿ, ಅಂದರೆ ನಮ್ಮ ಲೆಕ್ಕದ ಬಿಳಿ ಎರಡು (ಹಾರ್ಮೋನಿಯಂನಲ್ಲಿ ಸಿ ಯಿಂದ ಎಣಿಸಿದರೆ ಎರಡನೇ ಬಿಳಿ ಪಟ್ಟಿ, ಕಪ್ಪು ಪಟ್ಟಿಗಳಿಗೂ ಹೀಗೇ ಎಣಿಕೆ). ಅಲ್ಲಿಂದ ಒಂದೊಂದೇ ಬೆರಳು ಎತ್ತುತ್ತಾ ಹೋದರೆ ಎಲ್ಲ ಶುದ್ಧ ಸ್ವರ, ಬಿಲಾವಲ್ ಸಪ್ತಕ ತಾನಾಗಿಯೇ ಸಿಗುತ್ತದೆ. ಸಿ ವಿಸಲ್‌ನಲ್ಲೂ ಅದೇ ಬೆರಳು, ಶ್ರುತಿ ಮಾತ್ರ ಕೆಳಗೆ. ಒಂದರಲ್ಲಿ ಕಲಿತವರು ಇನ್ನೊಂದನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಎರಡನೇ ವಿಸಲ್ ತಗೊಂಡರೆ ದುಡ್ಡು ದಂಡ ಅಲ್ವಾ ಅಂತ ಯೋಚಿಸುವವರಿಗೆ ಈ ಮಾತು.

ಬಾನ್ಸುರಿಯವರಿಗೆ ಗೊಂದಲ ಆಗುವುದು ಇಲ್ಲೇ. ಬಾನ್ಸುರಿಯಲ್ಲಿ ಮೇಲಿನ ಮೂರು ತೂತು ಮುಚ್ಚಿದರೆ ಸಾ, ಕೊಳಲಿನ ಹೆಸರೂ ಅದರ ಮೇಲೇ. ವಿಸಲ್‌ನ ಹೆಸರು ಆರೂ ಮುಚ್ಚಿದಾಗಿನದು. ಹಾಗಾಗಿ ಡಿ ವಿಸಲ್ ಅನ್ನು ಬಾನ್ಸುರಿ ಥರ ಹಿಡಿದು ಮೂರು ಮುಚ್ಚಿ ಸಾ ಮಾಡಿಕೊಂಡರೆ ಅದು ಜಿ, ಬಿಳಿ ಐದು ಆಗುತ್ತದೆ, ಆರೂ ಮುಚ್ಚಿದರೆ ಮಂದ್ರ ಪಂಚಮ, ಅಂದರೆ ಕೆಳಗಿನ ಸಪ್ತಕದ ಪಾ. ಹೀಗೆ ನುಡಿಸುವಾಗ ಎಲ್ಲ ತೂತು ಬಿಟ್ಟರೆ ಬರುವುದು ತೀವ್ರ ಮಧ್ಯಮ. ಅಂದರೆ ರಾಗ ಯಮನ್‌ನ ಸ್ವರಗಳೆಲ್ಲ ನೇರ ಬೆರಳಲ್ಲೇ ಇವೆ. ಶುದ್ಧ ಮಧ್ಯಮ ಬೇಕಾದರೆ ಬಾನ್ಸುರಿಯಲ್ಲಿ ಮೊದಲ ತೂತನ್ನು ಅರ್ಧ ಮುಚ್ಚುತ್ತೇವೆ, ವಿಸಲ್‌ನಲ್ಲಿ ಮೊದಲನೆಯದನ್ನು ಬಿಟ್ಟು ಎರಡು ಮತ್ತು ಮೂರನೆಯದನ್ನು ಮುಚ್ಚಿದರೆ ಸಾಕು. ಅರ್ಧ ತೂತು ಮುಚ್ಚುವುದು ಮಕ್ಕಳಿಗೆ ಕಷ್ಟ, ಈ ಬೆರಳು ಸುಲಭ. ನಮ್ಮ ಹುಡುಗಿ ಭೂಪ್ ರಾಗ ಕಲಿತದ್ದು ಆರೂ ಮುಚ್ಚಿದ ಸಾದಿಂದ, ಆಮೇಲೆ ಅದನ್ನೇ ಮೂರು ಮುಚ್ಚಿದ ಸಾದಿಂದ ನುಡಿಸಿದಳು. ಎರಡೂ ಕಡೆ ಅರ್ಧ ತೂತಿನ ಗೋಜಿಲ್ಲ. ದುರ್ಗಾ ಕೂಡ ಹಾಗೇ, ಆರೂ ಮುಚ್ಚಿದ ಸಾದಿಂದ ಸಲೀಸು.

ಇದರಿಂದ ಒಂದು ದೊಡ್ಡ ಅನುಕೂಲ ಇದೆ, ಅಂಗಡಿಯವರು ಇದನ್ನು ಹೇಳಿದ್ದು ನಾನು ಕೇಳಿಲ್ಲ. ಒಂದು ವಿಸಲ್‌ನಲ್ಲಿ ಎರಡು ಸಾ ಸಿಗುತ್ತದೆ. ಇಂಗ್ಲೆಂಡಿನ ಜನರೇಷನ್ ಕಂಪನಿಯ ವಿಸಲ್ ಬಿ ಫ್ಲ್ಯಾಟ್, ಸಿ, ಡಿ, ಇ ಫ್ಲ್ಯಾಟ್, ಎಫ್, ಜಿ ಹೀಗೆ ಆರು ಕೀಗಳಲ್ಲಿ ಬರುತ್ತದೆ, ಅದನ್ನೇ ಲೆಕ್ಕಕ್ಕೆ ತಗೊಳ್ಳೋಣ. ಸಿ ಯಲ್ಲಿ ಬಿಳಿ ಒಂದು ಮತ್ತು ಬಿಳಿ ನಾಲ್ಕು. ಡಿ ಯಲ್ಲಿ ಬಿಳಿ ಎರಡು ಮತ್ತು ಬಿಳಿ ಐದು. ಬಿ ಫ್ಲ್ಯಾಟ್‌ನಲ್ಲಿ ಕಪ್ಪು ಐದು ಮತ್ತು ಕಪ್ಪು ಎರಡು. ಇ ಫ್ಲ್ಯಾಟ್‌ನಲ್ಲಿ ಕಪ್ಪು ಎರಡು ಮತ್ತು ಕಪ್ಪು ನಾಲ್ಕು. ಎಫ್‌ನಲ್ಲಿ ಬಿಳಿ ನಾಲ್ಕು ಮತ್ತು ಕಪ್ಪು ಐದು. ಜಿ ಯಲ್ಲಿ ಬಿಳಿ ಐದು ಮತ್ತು ಬಿಳಿ ಒಂದು. ಹೆಣ್ಣುಮಕ್ಕಳು ಹಾಡುವ ಕಪ್ಪು ನಾಲ್ಕು, ಕಪ್ಪು ಐದು ಎರಡೂ ಇದರಲ್ಲಿ ಬಂದವು ನೋಡಿ. ಬಾರದೇ ಉಳಿಯುವುದು ಕಪ್ಪು ಒಂದು ಮತ್ತು ಕಪ್ಪು ಮೂರು, ಜೊತೆಗೆ ಬಿಳಿ ಮೂರು, ಆರು, ಏಳು.

ಕಪ್ಪು ಒಂದು ಬಾರದಿರುವುದು ಸಣ್ಣ ಸಂಗತಿಯಲ್ಲ. ಗಂಡಸರು ಹಾಡುವ ಎಷ್ಟೋ ಬೈಠಕ್ಕು, ಭಜನೆ ಅಲ್ಲೇ ನಡೆಯುತ್ತದೆ. ನಮ್ಮೂರ ಭಜನಾ ಮಂಡಳಿಯದೂ ಕಪ್ಪು ಒಂದೇ. ಅಲ್ಲಿ ಸಿ ವಿಸಲ್ ಅರ್ಧ ಸ್ವರ ಕೆಳಗೆ, ಡಿ ವಿಸಲ್ ಅರ್ಧ ಸ್ವರ ಮೇಲೆ. ಬಾಯಿಯ ತುದಿಯನ್ನು ಹೊರಗೆಳೆದು ಶ್ರುತಿ ಇಳಿಸಬಹುದು ಅಂತ ಹೇಳುವವರಿದ್ದಾರೆ. ಸ್ವಲ್ಪ ಇಳಿಯುತ್ತದೆ ನಿಜ, ಆದರೆ ಅರ್ಧ ಸ್ವರದಷ್ಟು ಎಳೆದರೆ ತೂತುಗಳ ಅಂತರದ ಲೆಕ್ಕವೇ ತಪ್ಪಿ ಮೇಲಿನ ಸ್ವರಗಳು ಬೇಸುರಾಗುತ್ತವೆ. ಇದಕ್ಕೆ ಸರಿಯಾದ ದಾರಿ ಎದುರಿನ ವಾದ್ಯ ಸರಿಯುವುದು. ಸ್ಕೇಲ್ ಚೇಂಜರ್ ಹಾರ್ಮೋನಿಯಂ ಇದ್ದರೆ ಪಟ್ಟಿಗಳನ್ನೇ ಸರಿಸಬಹುದು, ಕೀಬೋರ್ಡ್ ಆದರೆ ಟ್ರಾನ್ಸ್‌ಪೋಸ್ ಬಟನ್. ಆದರೆ ಹಾಡುವವರೂ ಅರ್ಧ ಸ್ವರ ಏರಲು ಒಪ್ಪಬೇಕಲ್ಲ! ಒಪ್ಪದಿದ್ದರೆ ಭಜನೆಗೆ ವಿಸಲ್ ಬೇಡ, ಆ ಶ್ರುತಿಯ ಬಾನ್ಸುರಿಯನ್ನೇ ಮಾಡಿಸಿ.

ಕಾರವಾರದ ಹುಡುಗನ ಕಥೆ ಬೇರೆ. ಅವನ ಶಾಲೆಯಲ್ಲಿ ಕೀಬೋರ್ಡ್, ಗಿಟಾರ್ ಇವೆ, ಸರ್ ನೋಟೇಷನ್ ಹಾಕಿ ಕಲಿಸುತ್ತಾರೆ. ಅವನಿಗೆ ಡಿ ಬಿಟ್ಟು ಬೇರೆ ಯೋಚನೆಯೇ ಬೇಡವಾಯಿತು. ಐರಿಷ್ ಸಂಗೀತದ ಬಹುಪಾಲು ಟ್ಯೂನ್‌ಗಳು ಡಿ ಮತ್ತು ಜಿ ಯಲ್ಲಿವೆ, ಡಿ ವಿಸಲ್‌ನಲ್ಲಿ ಎರಡೂ ಬರುತ್ತವೆ, ಪಾಠದ ಪುಸ್ತಕ ಮತ್ತು ವಿಡಿಯೋಗಳೂ ಹೆಚ್ಚಾಗಿ ಡಿ ಯಲ್ಲೇ. ಮಗು ವಿಡಿಯೋ ಹಾಕಿಕೊಂಡು ಜೊತೆಗೇ ನುಡಿಸಬಹುದು. ಸಿ ವಿಸಲ್ ಕೊಟ್ಟರೆ ಬೆರಳು ಸರಿಯಿದ್ದರೂ ಶ್ರುತಿ ಕೂಡುವುದಿಲ್ಲ, ತಾನೇ ಎಲ್ಲೋ ತಪ್ಪುತ್ತಿದ್ದೇನೆ ಅಂತ ಮಗುವಿಗೆ ಅನಿಸುತ್ತದೆ.

ಕೈಯ ಅಳತೆಯನ್ನೂ ನೋಡಬೇಕು. ಡಿ ವಿಸಲ್ ಸುಮಾರು 30 ಸೆಂಟಿಮೀಟರ್, ಶಾಲೆಯ ಸ್ಕೇಲಿನಷ್ಟು ಉದ್ದ. ಸಿ ಸ್ವಲ್ಪ ಉದ್ದ, ಬಿ ಫ್ಲ್ಯಾಟ್ ಇನ್ನೂ ಉದ್ದ, ತೂತುಗಳೂ ದೂರ ದೂರ. ಬಿ ಫ್ಲ್ಯಾಟ್‌ನ ದನಿ ಏನು ಚೆಂದ ಗೊತ್ತಾ, ದುಂಡಗೆ, ಮೆತ್ತಗೆ, ನನಗಂತೂ ಮೂರರಲ್ಲಿ ಅದೇ ಇಷ್ಟ. ಆದರೆ ಸಣ್ಣ ಮಗುವಿನ ಉಂಗುರಬೆರಳು ಕೊನೇ ತೂತಿನ ಮೇಲೆ ಪೂರ್ತಿ ಕೂರುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದರೂ ಸ್ವರ ಕೀಚಲಾಗಿ ಮೇಲಿನ ಸಪ್ತಕಕ್ಕೆ ಹಾರುತ್ತದೆ. ಪರೀಕ್ಷೆ ಮಾಡಲು ಒಂದು ಸುಲಭ ಉಪಾಯ ಇದೆ. ಆರೂ ತೂತು ಒತ್ತಿ ಹಿಡಿಯಲು ಹೇಳಿ, ಸ್ವಲ್ಪ ಹೊತ್ತಾದ ಮೇಲೆ ಬೆರಳು ತಿರುಗಿಸಿ ನೋಡಿ. ಬೆರಳಿನ ಮೆತ್ತನೆ ಭಾಗದಲ್ಲಿ ಪೂರ್ತಿ ಉಂಗುರದ ಗುರುತು ಬಿದ್ದಿದ್ದರೆ ತೂತು ಮುಚ್ಚಿದೆ. ಅರ್ಧಚಂದ್ರ ಮಾತ್ರ ಕಂಡರೆ ಆ ವಿಸಲ್ ಇನ್ನೂ ದೊಡ್ಡದಾಯಿತು. ಜಿ ಯಂಥ ಪುಟ್ಟ ವಿಸಲ್ ಮಗುವಿಗೆ ಸರಿ ಅಂತ ಅಂದುಕೊಳ್ಳಬೇಡಿ. ತೂತುಗಳು ಒತ್ತೊತ್ತಾಗಿರುತ್ತವೆ, ದನಿ ಕಿವಿಗೆ ಚುಚ್ಚುತ್ತದೆ.

ದನಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಡಿ ವಿಸಲ್‌ನ ಅತಿ ಕೆಳಗಿನ ಸ್ವರವೇ 587 ಹರ್ಟ್ಜ್, ಮೇಲಿನ ಸಪ್ತಕ ಶುರುವಾಗುವುದು 1175ಕ್ಕೆ. ಅಲ್ಲಿಂದ ಮೇಲೆ ಹೋದರೆ ಪಕ್ಕದ ಮನೆಗೂ ಕೇಳುತ್ತದೆ. ಮಕ್ಕಳು ಜೋರಾಗಿ ಊದುತ್ತಾರೆ, ಜೋರಾಗಿ ಊದಿದರೆ ಶ್ರುತಿಯೂ ಏರುತ್ತದೆ. ಕೆಳಗಿನ ಸಪ್ತಕವನ್ನು ಮೆತ್ತಗೆ, ಬಿಸಿ ಕಷಾಯ ಆರಿಸುವ ಹಾಗೆ ಊದಲು ಕಲಿಸಿ. ಮೊದಲ ಆರು ತಿಂಗಳು ನಾನು ಅದನ್ನೇ ಹೇಳುತ್ತಿದ್ದೆ. ಆಷಾಢದಲ್ಲಿ ಮಾತ್ರ ಜಗಲಿಯಲ್ಲಿ ಕೂತು ಮಂದ್ರದ ಅಭ್ಯಾಸ ಆಗುವುದಿಲ್ಲ, ತಗಡಿನ ಮಾಡಿನ ಮೇಲೆ ಬೀಳುವ ಮಳೆಗೆ ಕೆಳಗಿನ ಸ್ವರ ಕೇಳುವುದೇ ಇಲ್ಲ. ಒಳಗಿನ ಕೋಣೆಯೇ ಗತಿ.

ಬಾಳಿಕೆ ವಿಷಯ. ಹಿತ್ತಾಳೆಯದು ಶಿರಸಿಯಲ್ಲಿ ನಿಧಾನಕ್ಕೆ ಕಪ್ಪಾಗುತ್ತದೆ, ಕಾರವಾರದ ಉಪ್ಪುಗಾಳಿಗೆ ಬೇಗ ಚುಕ್ಕೆ ಬಿದ್ದು ಹಸಿರಾಗುತ್ತದೆ. ಅಕ್ಕನ ಮನೆ ಕಡಲಿಗೆ ತೀರಾ ಹತ್ತಿರ, ಅಲ್ಲಿನ ಡಿ ಒಂದೇ ಮಳೆಗಾಲಕ್ಕೆ ಬಣ್ಣಗೆಟ್ಟಿತು. ದನಿಗೆ ಏನೂ ಆಗಿಲ್ಲ. ಹುಣಸೆಹುಳಿ ಹಾಕಿ ತಿಕ್ಕಿದರೆ ಪೂಜೆ ಪಾತ್ರೆ ಥರ ಹೊಳೆಯುತ್ತದೆ, ಆದರೆ ಪ್ಲಾಸ್ಟಿಕ್ ತುದಿಯೊಳಗೆ ಹುಳಿ ಹೋಗದಂತೆ ನೋಡಿಕೊಳ್ಳಿ, ಆಮೇಲೆ ಚೆನ್ನಾಗಿ ತೊಳೆದು ಒರೆಸಿ. ಬೆರಳಿಗೆ ಹಿತ್ತಾಳೆ ವಾಸನೆ ಹತ್ತುವುದು ಕೆಲವು ಮಕ್ಕಳಿಗೆ ಆಗುವುದಿಲ್ಲ, ಅಂಥವರಿಗೆ ನಿಕ್ಕಲ್ ಲೇಪದ್ದು ಕೊಡಿ. 1843ರಲ್ಲಿ ರಾಬರ್ಟ್ ಕ್ಲಾರ್ಕ್ ಇಂಗ್ಲೆಂಡಿನಲ್ಲಿ ಶುರು ಮಾಡಿದ ಮಾದರಿ ತಗಡನ್ನು ಸುತ್ತಿ ಮಾಡಿದ್ದು, ಬಾಯಿಯ ಹತ್ತಿರ ಮರದ ತುಂಡು. ಅದರ ದನಿಯಲ್ಲಿ ಗಾಳಿ ಬೆರೆತ ಸೊಗಸಿದೆ. ಆದರೆ ತಗಡು ತುಕ್ಕು ಹಿಡಿಯುವ ವಸ್ತು, ಮರ ಥಂಡಿಗೆ ಉಬ್ಬುವ ವಸ್ತು. ನಮ್ಮ ಮಳೆಗೆ ಪ್ಲಾಸ್ಟಿಕ್ ತುದಿಯದ್ದೇ ಕ್ಷೇಮ.

ನಾವು ತರಿಸಿದ ಸಿ ವಿಸಲ್ ಮೊದಲು ಕರಕರ ಅನ್ನುತ್ತಿತ್ತು. ಬೆಳಕಿಗೆ ಹಿಡಿದು ನೋಡಿದರೆ ಕಿಟಕಿಯಂಥ ತೂತಿನ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಎಳೆ ಉಳಿದಿತ್ತು. ಅಗ್ಗದ ವಿಸಲ್‌ಗಳಲ್ಲಿ ಹೀಗಿರುತ್ತದೆ. ಅಂಚಿಗೆ ಗಾಯ ಆಗದಂತೆ ಅದನ್ನು ತೆಗೆದ ಮೇಲೆ ಸ್ವರ ತಿಳಿಯಾಯಿತು. ಊದುತ್ತಾ ಊದುತ್ತಾ ದನಿ ಕಟ್ಟಿಕೊಂಡರೆ ಅದು ವಿಸಲ್‌ನ ದೋಷ ಅಲ್ಲ, ಉಗುಳು ನಿಂತಿರುತ್ತದೆ. ಕಿಟಕಿಗೆ ಬೆರಳಿಟ್ಟು ಒಮ್ಮೆ ಜೋರಾಗಿ ಊದಿ ತೆಗೆಯಿರಿ. ಗಾಳಿ ಹೋಗುವ ದಾರಿಗೆ ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಹನಿ ಬಿಟ್ಟು ಒಣಗಿಸಿದರೆ ನೀರು ಹನಿಗಟ್ಟುವುದು ಕಡಿಮೆಯಾಗುತ್ತದೆ. ವೆಲ್ವೆಟ್ ಚೀಲದಲ್ಲಿ ಕಟ್ಟಿಡಬೇಡಿ, ಮಳೆಗಾಲದಲ್ಲಿ ಬೂಸಲು ಬರುತ್ತದೆ.

ಕೊರತೆಯೂ ಇದೆ. ಮೀಂಡ್ ಎಳೆಯಲು ತೂತುಗಳು ಸಣ್ಣವು, ಬಾನ್ಸುರಿಯ ಉದ್ದದ ಜಾರು ಇಲ್ಲಿ ಸಿಗುವುದಿಲ್ಲ. ದನಿಯನ್ನು ಏರಿಸಿ ಇಳಿಸಿ ಬಣ್ಣ ಕೊಡಲು ತುಟಿಗೆ ಅವಕಾಶವೇ ಇಲ್ಲ. ನಮ್ಮ ಹುಡುಗಿ ಈಗ ಬಾನ್ಸುರಿ ಹಿಡಿದಿದ್ದಾಳೆ. ಬೆರಳುಗಳು ತಾವಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತವೆ, ಊದುವುದನ್ನು ಮಾತ್ರ ಮೊದಲಿಂದ ಕಲಿಯುತ್ತಿದ್ದಾಳೆ. ಅವಳ ಹಾಡಿನ ಕ್ಲಾಸಿನ ಶ್ರುತಿ ಕಪ್ಪು ನಾಲ್ಕು, ಅಲ್ಲಿಗೆ ಒಂದು ಇ ಫ್ಲ್ಯಾಟ್ ತರಿಸುವುದಿದೆ.

ಆನ್‌ಲೈನ್‌ನಲ್ಲಿ ತರಿಸುವವರಿಗೆ ಒಂದು ಮಾತು. ಬರೀ "ಫ್ಲೂಟ್, ಆರು ತೂತು" ಅಂತ ಹಾಕಿದ್ದರೆ ತಗೊಳ್ಳಬೇಡಿ, ಕೀ ಬರೆದಿರಲೇಬೇಕು. ಡಿ ಅಂತಲೇ ಬರೆದಿದ್ದರೂ ಉದ್ದ ನೋಡಿ, ಯಾಕೆಂದರೆ ಇದಕ್ಕಿಂತ ಒಂದು ಸಪ್ತಕ ಕೆಳಗಿನ ಲೋ ಡಿ ಅನ್ನೋದು ಬೇರೆಯೇ ಇದೆ, ಹೆಚ್ಚುಕಡಿಮೆ ಎರಡು ಪಟ್ಟು ಉದ್ದ, ಅದು ಮಕ್ಕಳ ಕೈಗೆ ಎಟುಕುವುದಿಲ್ಲ. ಬಂದ ಕೂಡಲೇ ಫೋನಿನಲ್ಲಿ ಟ್ಯೂನರ್ ತೆರೆದು, ವಿಸಲ್ ಅನ್ನು ಕೈಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಂಡು, ಆರೂ ತೂತು ಮುಚ್ಚಿ ಮೆತ್ತಗೆ ಊದಿ. ಡಿ ತೋರಿಸಿದರೆ ಮಗುವಿಗೆ ಕೊಡಿ. ಮುಳ್ಳು ಪಕ್ಕದ ಸ್ವರಕ್ಕೆ ಹೋಗಿ ನಿಂತರೆ ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಕಳಿಸಿಬಿಡಿ.