ತೋಟದ ಮನೆಯ ಪೈಗೆ ಎಸ್‌ಡಿ ಕಾರ್ಡೋ, ಎಸ್‌ಎಸ್‌ಡಿಯೋ?

ಊರಿನ ತೋಟದ ಮನೆಯಲ್ಲಿ ನನ್ನದೊಂದು ರಾಸ್ಪ್‌ಬೆರಿ ಪೈ 4 ಇದೆ, ಅಂಗೈಯಷ್ಟು ಪುಟ್ಟ ಕಂಪ್ಯೂಟರ್. ಮಣ್ಣಿನ ತೇವ, ಉಷ್ಣಾಂಶ ಎರಡನ್ನೂ ನಿಮಿಷಕ್ಕೊಮ್ಮೆ ಬರೆದಿಡುವುದು ಅದರ ಕೆಲಸ. ಮಳೆಗಾಲದಲ್ಲಿ ಅಲ್ಲಿ ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಗೊತ್ತಾಗುವುದಿಲ್ಲ. ಒಂದು ದಿನ ಹೋಗಿ ನೋಡಿದರೆ ಹಸಿರು ದೀಪ ನಾಲ್ಕು ಸಲ ಮಿನುಗಿ ನಿಲ್ಲುತ್ತಿತ್ತು, ಮತ್ತೆ ನಾಲ್ಕು ಸಲ. ಬೂಟ್‌ಗೆ, ಅಂದರೆ ಯಂತ್ರ ಶುರುವಾಗುವುದಕ್ಕೆ, ಬೇಕಾದ ಸ್ಟಾರ್ಟ್ ಫೈಲ್ ಸಿಗುತ್ತಿಲ್ಲ ಅಂತ ಅದರ ಅರ್ಥ. ಪೈಯ ಸಾಫ್ಟ್‌ವೇರ್ ಎಲ್ಲ ಇರುವ ಎಸ್‌ಡಿ ಕಾರ್ಡ್ ಹಾಳಾಗಿತ್ತು. ಅಲ್ಲಿಂದ ಮೂರು ದಾರಿ ಪ್ರಯತ್ನಿಸಿದೆ.

ಮೊದಲು ಎ1 ಗುರುತಿನ ಮಾಮೂಲಿ ಕಾರ್ಡ್. ಸಣ್ಣ ಸಣ್ಣ ಫೈಲ್‌ಗಳನ್ನು ಬೇಗ ಓದಿ ಬರೆಯಬಲ್ಲದು ಅನ್ನುವುದಕ್ಕೆ ಆ ಗುರುತು: ಸೆಕೆಂಡಿಗೆ ಕನಿಷ್ಠ 1500 ಸಲ ಓದು, 500 ಸಲ ಬರಹ. ಎ2 ಇನ್ನೂ ಮೇಲು. ಆದರೆ ಅದರ ಪೂರ್ತಿ ವೇಗಕ್ಕೆ ಯಂತ್ರದ ಕಡೆಯಿಂದಲೂ ಬೆಂಬಲ ಬೇಕು, ಪೈ 4ರಲ್ಲಿ ಅದಿಲ್ಲ. ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಪೈ 4ರ ಕಾರ್ಡ್ ಸ್ಲಾಟ್ ಸೆಕೆಂಡಿಗೆ 50 ಎಂಬಿ ದಾಟುವುದೇ ಇಲ್ಲ. ಕವರಿನ ಮೇಲೆ 170 ಅಂತ ಬರೆದಿದ್ದರೂ ಅಷ್ಟೇ.

ಆಮೇಲೆ ಯುಎಸ್‌ಬಿ 3ರ ನೀಲಿ ಪೋರ್ಟಿಗೆ ಸಾಟಾ ಎಸ್‌ಎಸ್‌ಡಿ (ಲ್ಯಾಪ್‌ಟಾಪ್‌ಗೆ ಹಾಕುವ ಥರದ, ಚಿಪ್‌ಗಳ ಡಿಸ್ಕ್) ಹಾಕಿದೆ. ಪೈಯ ಸೆಟ್ಟಿಂಗ್ಸ್ ಇರುವ ರಾಸ್ಪಿ-ಕಾನ್ಫಿಗ್‌ನಲ್ಲಿ ಬೂಟ್ ಆರ್ಡರ್ (ಮೊದಲು ಯಾವುದರಿಂದ ಶುರುವಾಗಬೇಕು ಅನ್ನುವುದು) ಬದಲಿಸಿದರೆ ಸಾಕು, ಕಾರ್ಡೇ ಬೇಡ. ಆಹಾ, ಎಂಥ ವೇಗ! ಸೆಕೆಂಡಿಗೆ 300 ಎಂಬಿ ಮೇಲೆ ಓದುತ್ತಿತ್ತು. ಅಪ್‌ಡೇಟ್ ಹಾಕುವಾಗಲಂತೂ ಬೇರೆ ಯಂತ್ರದ ಮುಂದೆ ಕೂತ ಹಾಗಿತ್ತು. ಬೂಟ್ ಆಗುವುದರಲ್ಲಿ ಮಾತ್ರ ಉಳಿತಾಯವಾದದ್ದು ಹತ್ತು ಸೆಕೆಂಡಿನಷ್ಟೇ. ತೊಂದರೆ ಕೊಟ್ಟಿದ್ದು ನಡುವಿನ ಕನ್ವರ್ಟರ್ ಕೇಬಲ್. ಗಂಟೆಗೊಮ್ಮೆ ಡಿಸ್ಕ್ ಮಾಯವಾಗುತ್ತಿತ್ತು. ಆ ಕೇಬಲ್ ಮಟ್ಟಿಗೆ ಯುಎಎಸ್ (ಯುಎಸ್‌ಬಿ ಡಿಸ್ಕ್ ಜೊತೆ ವೇಗವಾಗಿ ಮಾತಾಡುವ ವಿಧಾನ) ಬಂದ್ ಮಾಡಿದ ಮೇಲೆ ಸರಿಹೋಯಿತು, ವೇಗ ಸ್ವಲ್ಪ ಇಳಿಯಿತು. ಇನ್ನೊಂದು ಮಾತು: ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಸಿಗುವುದು 1.2 ಆಂಪಿಯರ್. ಅಡಾಪ್ಟರ್ 3 ಆಂಪಿಯರಿನದು ಇಲ್ಲದಿದ್ದರೆ ಎಸ್‌ಎಸ್‌ಡಿ ಆಸೆ ಬಿಟ್ಟುಬಿಡಿ.

ಕೊನೆಗೆ ಹೈ ಎಂಡ್ಯೂರೆನ್ಸ್ ಕಾರ್ಡ್. ಕಾರಿನ ಡ್ಯಾಶ್‌ಕ್ಯಾಮ್‌ಗೆ ಹಾಕುವ ಥರದ್ದು, ಹಗಲು ರಾತ್ರಿ ಬರೆದರೂ ತಡೆದುಕೊಳ್ಳಲಿ ಅಂತಲೇ ಮಾಡಿದ್ದು. ವೇಗ ಮಾಮೂಲಿ ಕಾರ್ಡಿನಷ್ಟೇ. ಇದರ ಜೊತೆ ರಾಸ್ಪಿ-ಕಾನ್ಫಿಗ್‌ನಲ್ಲೇ ಇರುವ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದೆ, ಬೂಟ್ ಭಾಗಕ್ಕೂ ಬರೆಯದ ಹಾಗೆ ಬೀಗ ಹಾಕಿದೆ. ಆಗ ಎಲ್ಲ ಬರಹವೂ ರ‍್ಯಾಮ್‌ಗೆ ಹೋಗುತ್ತೆ, ಕಾರ್ಡನ್ನು ಯಾರೂ ಮುಟ್ಟುವುದಿಲ್ಲ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ತಾನೇ ಫೈಲ್ ಕೆಡುವುದು, ಅಲ್ವಾ? ಆದರೆ ರ‍್ಯಾಮ್‌ನಲ್ಲಿದ್ದದ್ದು ಕರೆಂಟ್ ಜೊತೆಗೇ ಹೋಗುತ್ತೆ. ಅದಕ್ಕೇ ಅಳತೆಗಳಿಗೆ ಬೇರೆ ಪೆನ್‌ಡ್ರೈವ್ ಇಟ್ಟೆ. ಅದು ಕೆಟ್ಟರೂ ಪೈ ಏಳುತ್ತೆ.

ಒಂದು ಮಳೆಗಾಲ ಹೀಗೇ ಕಳೆಯಿತು. ಪೈ ಒಮ್ಮೆಯೂ ಮಲಗಲಿಲ್ಲ. ಎಸ್‌ಎಸ್‌ಡಿ ಈಗ ನನ್ನ ಮೇಜಿನ ಮೇಲಿನ ಪೈಯಲ್ಲಿದೆ, ಅಲ್ಲಿ ದಿನವಿಡೀ ಕೋಡ್ ಬರೆಯುವವನಿಗೆ ಅದೇ ಸರಿ. ತೋಟಕ್ಕೆ ಮಾತ್ರ ಕಾರ್ಡೇ. ಅದೇ ಕಾರ್ಡಿನ ಒಂದು ನಕಲು ಮಾಡಿ, ಚೀಟಿ ಅಂಟಿಸಿ, ದೇವರ ಮನೆಯ ಗೂಡಿನಲ್ಲಿಟ್ಟು ಬಂದಿದ್ದೇನೆ. ಬೇಕಾದರೆ ಅಮ್ಮ ಫೋನಿನಲ್ಲಿ ಕೇಳಿಕೊಂಡು ಹಳೆಯದನ್ನು ತೆಗೆದು ಹೊಸದನ್ನು ಹಾಕಬಹುದು.