ಹದಿನೇಳನೇ ನಂಬರ್ ಜೆರ್ಸಿ: ಬಟ್ಟೆಗೆ ಒಳ್ಳೆ ಮಾರ್ಕ್ಸ್, ಹೆಸರಿಗೆ ಇಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದು ಒರಿಜಿನಲ್ ಜೆರ್ಸಿಯ ರಿವ್ಯೂ ಅಲ್ಲ. ಒರಿಜಿನಲ್ ತಗೊಳ್ಳುವಷ್ಟು ದುಡ್ಡು ನನ್ನ ಹತ್ರ ಇಲ್ಲ. ಇದ್ದರೂ ಇಟಲಿಯ ಫುಟ್‌ಬಾಲ್ ಕ್ಲಬ್ ನಾಪೊಲಿಯ 2017-18ರ ಜೆರ್ಸಿ ಈಗ ಎಲ್ಲಿ ಹುಡುಕೋದು? ಇದು ಜಯನಗರ ನಾಲ್ಕನೇ ಬ್ಲಾಕ್ ಕಡೆ ಒಂದು ಪುಟ್ಟ ಅಂಗಡಿಯಲ್ಲಿ ಹೇಳಿ ಮಾಡಿಸಿದ ಕಾಪಿ. ಅಂಗಡಿ ಹೆಸರು ಬೇಡ, ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ. ಜೆರ್ಸಿಗೆ 650, ಬೆನ್ನಿನ ಮೇಲೆ ಹೆಸರು ನಂಬರ್ ಹಾಕೋದಕ್ಕೆ 200. ಒಟ್ಟು 850 ರೂಪಾಯಿ.

ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ಆಸಕ್ತಿಯಿಂದಲೇ ಮಾತಾಡಿದ.

"ನಾಪೊಲಿ ಅಲ್ವಾ ಸರ್? ಹತ್ತು ಹಾಕ್ಲಾ? ಮರಡೋನಾ?"

"ಬೇಡಪ್ಪ. ಹದಿನೇಳು. ಹಮ್ಶೀಕ್."

"ಯಾರು ಸರ್ ಅದು?"

ಬಿಟ್ಟರೆ ನಾನು ಅಲ್ಲೇ ಒಂದು ಗಂಟೆ ಮಾತಾಡುತ್ತಿದ್ದೆ. ಹಿಂದೆ ಇನ್ನಿಬ್ಬರು ಕಾಲೇಜು ಹುಡುಗರು ಕೊಹ್ಲಿ 18 ಹಾಕಿಸಿಕೊಳ್ಳೋಕೆ ಕಾಯುತ್ತಿದ್ದರು, ಹಾಗಾಗಿ ಒಂದೇ ಮಾತು ಹೇಳಿದೆ. ನೀನು ಹೇಳಿದ ಮರಡೋನಾ ಇದ್ದಾರಲ್ಲ, ನಾಪೊಲಿಯಲ್ಲಿ ಅವರ ಗೋಲ್ ದಾಖಲೆ ಮುರಿದವನು ಇವನೇ. ಹುಡುಗ ನಂಬಲಿಲ್ಲ. ಮೊಬೈಲ್‌ನಲ್ಲಿ ನೋಡಿ ಆಮೇಲೆ ನಂಬಿದ.

ನಿಮಗೂ ಗೊತ್ತಿಲ್ಲದಿದ್ದರೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಈ ರಿವ್ಯೂನಲ್ಲಿ ನನ್ನ ಕೊರಗು ಏನು ಅಂತ ಅರ್ಥ ಆಗೋದಿಲ್ಲ. ಮಾರೆಕ್ ಹಮ್ಶೀಕ್ ಸ್ಲೊವಾಕಿಯಾದವನು, 1987ರಲ್ಲಿ ಬಾನ್ಸ್ಕಾ ಬಿಸ್ಟ್ರಿತ್ಸಾ ಅನ್ನೋ ಊರಲ್ಲಿ ಹುಟ್ಟಿದವನು. ಹದಿನೇಳನೇ ವಯಸ್ಸಿಗೆ ಇಟಲಿಯ ಬ್ರೆಶ್ಯಾ ಕ್ಲಬ್ ಸೇರಿದ. 2007ರಲ್ಲಿ ನಾಪೊಲಿ ಅವನನ್ನು 55 ಲಕ್ಷ ಯೂರೋ ಕೊಟ್ಟು ತಂದಿತು. ನಾಪೊಲಿ ಆಗ ದಿವಾಳಿಯಾಗಿ, ಮೂರನೇ ದರ್ಜೆ ಲೀಗಿಗೆ ಬಿದ್ದು, ಅಲ್ಲಿಂದ ಎದ್ದು ಆಗತಾನೇ ಮೇಲಿನ ಲೀಗಿಗೆ ವಾಪಸ್ ಬಂದಿದ್ದ ಟೀಮು. ತಲೆ ಮೇಲೆ ಹುಂಜದ ಜುಟ್ಟಿನಂಥ ಕೂದಲು ಬಿಟ್ಟುಕೊಂಡು ಬಂದ ಈ ಹುಡುಗ ಅಲ್ಲಿ 2019ರ ತನಕ ಇದ್ದ. 520 ಮ್ಯಾಚು, 121 ಗೋಲು. ಫಾರ್ವರ್ಡ್ ಅಲ್ಲ ಸ್ವಾಮಿ, ಮಿಡ್‌ಫೀಲ್ಡರ್.

2017ರ ಡಿಸೆಂಬರ್ 16ರಂದು ಟೊರೀನೊ ವಿರುದ್ಧ ಹೊಡೆದ ಗೋಲು ಅವನ 115ನೆಯದು, ಅಂದರೆ ಮರಡೋನಾಗೆ ಸಮ. ಒಂದು ವಾರ ಬಿಟ್ಟು 23ನೇ ತಾರೀಕು ಸ್ಯಾಂಪ್‌ಡೋರಿಯಾ ಮೇಲೆ ಇನ್ನೊಂದು. ನಾಪೊಲಿ 3-2ರಲ್ಲಿ ಗೆದ್ದಿತು, ಗೆಲುವಿನ ಗೋಲೂ ಅದೇ. ಮರಡೋನಾ ಹೆಸರಲ್ಲಿ ಹತ್ತನೇ ನಂಬರನ್ನೇ ಎತ್ತಿಟ್ಟುಬಿಟ್ಟ ಊರು ಅದು. ಅದೂ 2000ನೇ ಇಸವಿಯಲ್ಲೇ. ಅಂಥ ಕಡೆ ಈ ದಾಖಲೆ ಮುರಿಯೋದು ಅಂದರೆ ಸುಮ್ನೆ ಅಲ್ಲ. 2020ರಲ್ಲಿ ಅದೇ ಟೀಮಿನ ಫಾರ್ವರ್ಡ್ ಮೆರ್ಟೆನ್ಸ್ ಬಂದು ಹಮ್ಶೀಕ್ ದಾಖಲೆಯನ್ನೂ ದಾಟಿದ, ಆ ಮಾತು ಬೇರೆ. ನನ್ನ ಪ್ರಕಾರ ಮುಂದೆ ನಿಂತು ಆಡುವವನ ಗೋಲಿಗೂ ಹಿಂದಿನಿಂದ ಓಡಿ ಬಂದು ಹೊಡೆಯುವವನ ಗೋಲಿಗೂ ಒಂದೇ ತಕ್ಕಡಿ ಅಲ್ಲ. ಬೇಕಾದರೆ ಜಗಳ ಆಡಿ.

ಸರಿ, ಜೆರ್ಸಿಗೆ ಬರೋಣ. ಬಣ್ಣ ಕರೆಕ್ಟಾಗಿದೆ. ನಾಪೊಲಿ ನೀಲಿ ಅಂದರೆ ನಮ್ಮ ಬೆಂಗಳೂರು ಎಫ್‌ಸಿ ನೀಲಿ ಅಲ್ಲ, ಅದಕ್ಕಿಂತ ತಿಳಿ, ಆಕಾಶದ ಕಡೆಗೆ ವಾಲಿದ ನೀಲಿ. ಕಾಪಿ ಮಾಡೋರು ಇಲ್ಲೇ ಎಡವೋದು ಜಾಸ್ತಿ, ಇವರು ಎಡವಿಲ್ಲ. ಎದೆ ಮೇಲೆ ಲೆತೆ ಅನ್ನೋ ನೀರಿನ ಬಾಟ್ಲಿ ಕಂಪನಿ ಹೆಸರು, ಅದರ ಕೆಳಗೆ ಪಾಸ್ತಾ ಕಂಪನಿ ಹೆಸರು, ಎರಡೂ ಜಾಗದಲ್ಲಿವೆ. ಹೊಲಿಗೆ ಒಳಗಡೆಯಿಂದ ನೋಡಿದೆ, ದಾರ ಎಲ್ಲೂ ಬಿಟ್ಟಿಲ್ಲ. ಬಟ್ಟೆ ತೆಳು. ಬೆಳಗ್ಗೆ ಏಳಕ್ಕೆ ಮೈದಾನಕ್ಕೆ ಇಳಿದು ಒಂಬತ್ತಕ್ಕೆ ಬಂದರೂ ಬೆನ್ನಿಗೆ ಅಂಟಿಕೊಂಡು ಚಡಪಡಿಸುವ ಹಾಗೆ ಆಗಲಿಲ್ಲ.

ಆದರೆ ಸೈಜು. ನಾನು ಯಾವಾಗಲೂ ಎಲ್ ಹಾಕುವವನು, ಎಲ್ ತಗೊಂಡೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ಇಷ್ಟು ವರ್ಷದ ಬಿಸಿಬೇಳೆಬಾತ್ ಎಲ್ಲಾ ಲೆಕ್ಕ ಸಮೇತ ಕಾಣುತ್ತಿತ್ತು. ಇದು ಅಂಗಡಿಯವರ ತಪ್ಪಲ್ಲ. ಆ ಕಾಲದಲ್ಲಿ ನಾಪೊಲಿಗೆ ಜೆರ್ಸಿ ಮಾಡುತ್ತಿದ್ದ ಕಪ್ಪಾ ಕಂಪನಿಯ ಸ್ಟೈಲೇ ಹಾಗೆ, ಮೈಗೆ ಅಂಟಿಕೊಂಡು ರಬ್ಬರ್ ಥರ ಹಿಗ್ಗುವ ಬಟ್ಟೆ. ಎದುರಿನವನು ಹಿಂದಿನಿಂದ ಹಿಡಿದು ಎಳೆದರೆ ಬಟ್ಟೆ ಹಿಗ್ಗೋದು ರೆಫರಿ ಕಣ್ಣಿಗೆ ಬೀಳಲಿ ಅಂತ ಹಾಗೆ ಮಾಡಿದ್ದು. ಕಾಪಿ ಮಾಡಿದವರು ಅದನ್ನೂ ಬಿಡದೆ ಕಾಪಿ ಮಾಡಿದ್ದಾರೆ. ನೀವು ತಗೊಳ್ಳೋದಾದರೆ ಒಂದು ಸೈಜ್ ದೊಡ್ಡದೇ ಕೇಳಿ. ಹೆಸರು ಹಾಕಿಸಿದ ಮೇಲೆ ಬದಲಾಯಿಸಿ ಕೊಡೋದಿಲ್ಲ.

ಈಗ ಹೆಸರಿನ ಕಥೆ. ಅವರ ಲಿಪಿಯಲ್ಲಿ ಈ ಹೆಸರು ಬರೆಯುವಾಗ ಎಸ್ ತಲೆ ಮೇಲೆ ಪುಟ್ಟ ಕೊಕ್ಕೆ ಬರುತ್ತದೆ, ಇಂಗ್ಲಿಷ್ ವಿ ಅಕ್ಷರದ ಮರಿಯ ಹಾಗೆ. ಕೊಕ್ಕೆ ಇದ್ದರೆ ಶ, ಇಲ್ಲದಿದ್ದರೆ ಸ. ಐ ಮೇಲೆ ಒಂದು ಓರೆ ಗೀಟು, ಅದು ನಮ್ಮ ದೀರ್ಘವೇ. ಅವರ ಭಾಷೆಯಲ್ಲೂ ಆ ಗೀಟಿಗೆ ಉದ್ದ ಮಾಡುವುದು ಅನ್ನೋ ಅರ್ಥದ ಹೆಸರೇ ಇದೆ. ಕನ್ನಡದಲ್ಲಿ ಬರೆದರೆ ಶೀ ಅಂತ ಒಂದೇ ಅಕ್ಷರದಲ್ಲಿ ಮುಗಿದೇ ಹೋಯಿತು, ಎಷ್ಟು ಸುಲಭ ಅಲ್ವಾ? ಶಂಕರನನ್ನು ಸಂಕರ ಅಂದರೆ ಮೇಷ್ಟ್ರು ಕಿವಿ ಹಿಂಡುತ್ತಿದ್ದ ಸ್ಕೂಲಲ್ಲಿ ಓದಿದವನು ನಾನು. ಹಾಗಾಗಿ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಕೊಕ್ಕೆಯನ್ನು ಎರಡು ಸಲ ತಿದ್ದಿ ದಪ್ಪ ಮಾಡಿ ಕೊಟ್ಟು, ಬೈಟು ಕಾಫಿ ಕುಡಿಯೋಕೆ ಫ್ರೆಂಡ್ ಜೊತೆ ಆಚೆ ಹೋದೆ.

ಬಂದು ನೋಡಿದರೆ ಕೊಕ್ಕೆಯೂ ಇಲ್ಲ, ದೀರ್ಘವೂ ಇಲ್ಲ. ಬೋಳು ಬೋಳಾಗಿ ಹಮ್ಸಿಕ್.

"ಇದರ ಮೇಲೆ ಒಂದು ಗುರುತಿತ್ತಲ್ಲಪ್ಪ?"

"ಅದಾ ಸರ್? ಸ್ಪೆಲ್ಲಿಂಗ್ ಕರೆಕ್ಟ್ ಅಂತ ನೀವೇ ಟಿಕ್ ಹಾಕಿದ್ದೀರ ಅಂದ್ಕೊಂಡೆ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನ್ಯಾಯವಾಗಿ ನೋಡಿದರೆ ಟಿಕ್ ಥರಾನೇ ಇತ್ತು. ಹುಡುಗನ ಕಂಪ್ಯೂಟರಿನ ಆ ಫಾಂಟ್‌ನಲ್ಲಿ ಕೊಕ್ಕೆಯ ಅಕ್ಷರವೇ ಇಲ್ಲವಂತೆ. ಕೊನೆಗೆ ಅವನೇ ಮಿಕ್ಕಿದ್ದ ಬಿಳಿ ವಿನೈಲ್ ಚೂರು ತಗೊಂಡು, ಬ್ಲೇಡಿನಲ್ಲಿ ಉಗುರಿನಷ್ಟು ವಿ ಕತ್ತರಿಸಿ, ಒಂದು ಓರೆ ಗೀಟನ್ನೂ ಕತ್ತರಿಸಿ, ಮೇಲೆ ಬೆಣ್ಣೆ ಕಾಗದ ಇಟ್ಟು ಹೀಟ್ ಪ್ರೆಸ್ ಒತ್ತಿದ. ಕೈ ಚಳಕ ಇದೆ ಹುಡುಗನಿಗೆ. ಕೊಕ್ಕೆ ಒಂಚೂರು ದಪ್ಪ ಆಯಿತು, ಪರವಾಗಿಲ್ಲ. ಆ ದಿನ ಇದನ್ನು ಬರೆದಿದ್ದರೆ ಅಂಗಡಿ ಹೆಸರನ್ನೂ ಹಾಕಿ ಹೊಗಳಿಬಿಡುತ್ತಿದ್ದೆ.

ಭಾನುವಾರ ಹಾಕಿಕೊಂಡು ಮೈದಾನಕ್ಕೆ ಹೋದೆ. ಮಂಡಿ ಕೈ ಕೊಟ್ಟ ಮೇಲೆ ನಾನು ಆಡೋದು ನಿಲ್ಲಿಸಿದ್ದೇನೆ. ಬನಶಂಕರಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದು ಮಕ್ಕಳಿಗೆ ಸೀಟಿ ಊದೋ ಕೋಚ್ ನಾನು, ಸಂಬಳ ಇಲ್ಲ, ಅಪ್ಪ ಅಮ್ಮಂದಿರ ಬೈಗುಳ ಉಂಟು. ಹನ್ನೊಂದು ಮಕ್ಕಳೂ ಚೆಂಡಿನ ಹಿಂದೆ ಜೇನುಹುಳದ ಥರ ಗುಂಪಾಗಿ ಓಡುತ್ತವೆ. ಹಮ್ಶೀಕ್ ಮಾಡುತ್ತಿದ್ದದ್ದು ಇದರ ಉಲ್ಟಾ. ನಾಪೊಲಿಯ ಫಾರ್ವರ್ಡ್‌ಗಳಾದ ಲವೆಝ್ಝಿ, ಕವಾನಿ ಮುಂದೆ ಡಿಫೆಂಡರುಗಳನ್ನು ಎಳೆದಾಡುತ್ತಿದ್ದರೆ ಇವನು ಹಿಂದೆ ಸುಮ್ನೆ ನಡೆದಾಡುತ್ತಿರುವವನ ಹಾಗೆ ಇರುತ್ತಿದ್ದ. ಅವರು ಖಾಲಿ ಮಾಡಿದ ಜಾಗ ಕಂಡ ತಕ್ಷಣ ಪೆನಾಲ್ಟಿ ಬಾಕ್ಸಿಗೆ ನುಗ್ಗುತ್ತಿದ್ದ, ಚೆಂಡೂ ಅವನೂ ಒಂದೇ ಹೊತ್ತಿಗೆ ಅಲ್ಲಿ. ಕಲ್ಯಾಣಮಂಟಪದಲ್ಲಿ ಎಲ್ಲರೂ ಮುಹೂರ್ತಕ್ಕೆ ಕಾದು ಸುಸ್ತಾಗಿರುವಾಗ ಸರಿಯಾಗಿ ಊಟದ ಹೊತ್ತಿಗೆ ಬರುವ ನೆಂಟರಿರುತ್ತಾರಲ್ಲ, ಹಾಗೆ. ಈ ಹೋಲಿಕೆ ಮಕ್ಕಳಿಗೆ ಚೆನ್ನಾಗಿ ಅರ್ಥ ಆಯಿತು. ಈಗ "ಊಟದ ರನ್" ಅಂತಲೇ ಕೂಗುತ್ತವೆ.

ಕಪ್ಪು ಕೂದಲು ಇದ್ದಾಗಿನ ನನ್ನ ನೆನಪು ಅಂದರೆ 2010ರ ವರ್ಲ್ಡ್ ಕಪ್. ಇಪ್ಪತ್ತೆರಡು ವರ್ಷದ ಕ್ಯಾಪ್ಟನ್ ಹಮ್ಶೀಕ್, ಎದುರಿಗೆ ಹಿಂದಿನ ಸಲದ ಚಾಂಪಿಯನ್ ಇಟಲಿ. ನಮ್ಮಲ್ಲಿ ಸಂಜೆ ಏಳೂವರೆಗೆ ಮ್ಯಾಚು. ಅಮ್ಮನ ಧಾರಾವಾಹಿ ಟೈಮು, ರಿಮೋಟ್ ಕೊಡದೆ ಕೂತಿದ್ದಕ್ಕೆ ಆ ರಾತ್ರಿ ಊಟಕ್ಕೆ ಯಾರೂ ಕರೆಯಲಿಲ್ಲ. ಸ್ಲೊವಾಕಿಯಾ 3-2ರಲ್ಲಿ ಗೆದ್ದು ಇಟಲಿಯನ್ನು ಮನೆಗೆ ಕಳಿಸಿತು. ಅವತ್ತಿಂದ ಇವನ ಹಿಂದೆ ಬಿದ್ದೆ. 2016ರ ಯೂರೋ ಕಪ್‌ನಲ್ಲಿ ರಷ್ಯಾ ಮೇಲೆ ಕಂಬಕ್ಕೆ ತಾಗಿ ಒಳಗೆ ಹೋದ ಅವನ ಗೋಲನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಇಟಲಿ ಲೀಗ್ ಮಾತ್ರ ಅವನಿಗೆ ಸಿಗಲೇ ಇಲ್ಲ. 2018ರಲ್ಲಿ ನಾಪೊಲಿ 91 ಪಾಯಿಂಟ್ ತಗೊಂಡೂ ಎರಡನೇ ಸ್ಥಾನ. ಆಮೇಲೆ ಚೀನಾ, ಸ್ವೀಡನ್, ಕೊನೆಗೆ ಟರ್ಕಿಯ ಟ್ರಾಬ್‌ಝೋನ್‌ಸ್ಪೋರ್. 1984ರಿಂದ ಲೀಗ್ ಗೆದ್ದಿರದ ಆ ಕ್ಲಬ್ ಇವನು ಇದ್ದಾಗ, 2022ರಲ್ಲಿ, ಗೆದ್ದಿತು. ಮರುವರ್ಷ ನಾಪೊಲಿಯೂ ಗೆದ್ದಿತು, ಇವನಿಲ್ಲದೆ. ಹಣೆಬರಹ ನೋಡಿ.

2023ರಲ್ಲಿ ಆಟ ಬಿಟ್ಟು ಕೋಚಿಂಗ್ ಕಡೆಗೆ ತಿರುಗಿದ. ಹುಟ್ಟಿದ ಊರಲ್ಲಿ ಅವನ ಹೆಸರಿನ ಫುಟ್‌ಬಾಲ್ ಶಾಲೆ ಇದೆ. ಆಗ ದೇಶದ ಟೀಮಿನ ಕೋಚ್ ಆಗಿದ್ದ ಕಲ್ಜೋನಾ ಮೊದಲು ನಾಪೊಲಿಯಲ್ಲೇ ಸಹಾಯಕರಾಗಿದ್ದವರು, ಅವರು ಇವನನ್ನು ತಮ್ಮ ಜೊತೆ ಕರೆದುಕೊಂಡರು. 2024ರ ಯೂರೋದಲ್ಲಿ ಸ್ಲೊವಾಕಿಯಾ ಬೆಲ್ಜಿಯಂ ತಂಡವನ್ನು 1-0ಯಲ್ಲಿ ಸೋಲಿಸಿತು. ಆಮೇಲೆ ಇಂಗ್ಲೆಂಡ್ ಮೇಲೂ ಗೆದ್ದೇಬಿಟ್ಟರು ಅನ್ನುವಾಗ 95ನೇ ನಿಮಿಷದಲ್ಲಿ ಅವರ ಬೆಲಿಂಗ್‌ಹ್ಯಾಮ್ ಗಾಳಿಯಲ್ಲಿ ಪಲ್ಟಿ ಹೊಡೆದು ಗೋಲ್ ಹಾಕಿದ, ಹೆಚ್ಚುವರಿ ಸಮಯದಲ್ಲಿ ಕೇನ್ ಇನ್ನೊಂದು. ದೇಶಕ್ಕೆ ಎಲ್ಲರಿಗಿಂತ ಜಾಸ್ತಿ ಮ್ಯಾಚ್ ಆಡಿ, ಎಲ್ಲರಿಗಿಂತ ಜಾಸ್ತಿ ಗೋಲ್ ಹೊಡೆದವನು, ಅವತ್ತು ಗೀಟಿನ ಆಚೆ ನಿಂತು ನೋಡೋದು ಬಿಟ್ಟು ಬೇರೇನೂ ಮಾಡೋ ಹಾಗಿರಲಿಲ್ಲ. ಆ ಸಂಕಟ ನನ್ನಂಥ ಸೀಟಿ ಕೋಚಿಗೂ ಸ್ವಲ್ಪ ಗೊತ್ತು, ಪಕ್ಕದ ಅಪಾರ್ಟ್‌ಮೆಂಟಿನವರ ಜೊತೆ ಆಡುವಾಗ.

ಈಗ ಒಗೆತಕ್ಕೆ ಬರೋಣ. ಜೆರ್ಸಿಯನ್ನು ಉಲ್ಟಾ ಮಾಡಿ, ತಣ್ಣೀರಲ್ಲಿ, ಅವರು ಹೇಳಿದ ಹಾಗೆಯೇ ಒಗೆದೆ. ಬಣ್ಣ ಬಿಡಲಿಲ್ಲ. 17 ಗಟ್ಟಿಯಾಗಿದೆ, ಒಂದು ಬಿರುಕೂ ಇಲ್ಲ. ಮೂರನೇ ಒಗೆತಕ್ಕೆ ಕೊಕ್ಕೆ ಮಾಯ. ಹುಡುಕಿದರೆ ನಮ್ಮ ಮಾವನವರ ಬನಿಯನ್ನಿನ ಎದೆ ಮೇಲೆ ಅಂಟಿಕೊಂಡು ಕೂತಿತ್ತು, ಯಾವುದೋ ಹೊಸ ಬ್ರ್ಯಾಂಡಿನ ಲೋಗೋ ಥರ. ದೀರ್ಘ ಮಾತ್ರ ಬಿಡದೆ ಹಿಡಿದುಕೊಂಡಿದೆ. ಈಗ ಬೆನ್ನ ಮೇಲೆ ಹಮ್ಸೀಕ್.

ಅಂಗಡಿಗೆ ವಾಪಸ್ ಹೋದೆ. ಆ ಹುಡುಗ ಇರಲಿಲ್ಲ, ಓನರ್ ಇದ್ದರು. "ಅಷ್ಟು ಚಿಕ್ಕದಕ್ಕೆಲ್ಲ ಗ್ಯಾರಂಟಿ ಬರಲ್ಲ ಸರ್, ಬೇಕಾದ್ರೆ ಇನ್ನೊಂದು ಸಲ ಒತ್ತಿಕೊಡ್ತೀವಿ, ನೂರು ರೂಪಾಯಿ" ಅಂದರು. ಇನ್ನೂರು ಕೊಟ್ಟು ಹಾಕಿಸಿದ ಹೆಸರಿನಲ್ಲಿ ಒಂದು ಚೂರಿಗೆ ನೂರು! ದುಡ್ಡಿಗಿಂತ "ಅಷ್ಟು ಚಿಕ್ಕದು" ಅಂದದ್ದು ಸಿಟ್ಟು ಬರಿಸಿತು. ಅವರ ಹೆಸರಿನ ಬೋರ್ಡಲ್ಲಿ ಒಂದು ಒತ್ತಕ್ಷರ ಬಿದ್ದುಹೋದರೆ ಬಿಡುತ್ತಿದ್ದರಾ? ಕೇಳಲಿಲ್ಲ, ಬಂದುಬಿಟ್ಟೆ.

ಬಟ್ಟೆಗೆ, ಬಣ್ಣಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಪ್ರಿಂಟಿಂಗಿಗೆ ಎರಡು, ಅದರಲ್ಲೂ ಒಂದು ಆ ಹುಡುಗನ ಬ್ಲೇಡಿಗೆ. ಮೆಸ್ಸಿ, ಕೊಹ್ಲಿ ಹಾಕಿಸುವವರು ಕಣ್ಣು ಮುಚ್ಚಿಕೊಂಡು ಹೋಗಿ. ಹೆಸರಿನ ಮೇಲೆ ಟೋಪಿ, ಚುಕ್ಕಿ, ಕೊಕ್ಕೆ ಇರುವ ಆಟಗಾರನ ಅಭಿಮಾನಿಯಾದರೆ, ಅಕ್ಷರವನ್ನು ಕೊಕ್ಕೆ ಸಮೇತ ಒಂದೇ ತುಂಡಾಗಿ ಕತ್ತರಿಸುತ್ತಾರಾ ಅಂತ ಮೊದಲೇ ಕೇಳಿ, ಆಮೇಲೆ ದುಡ್ಡು ಕೊಡಿ.

ನಾನು ಸ್ಟೇಷನರಿ ಅಂಗಡಿಯಲ್ಲಿ 60 ರೂಪಾಯಿಗೆ ಒಂದು ಬಿಳಿ ಫ್ಯಾಬ್ರಿಕ್ ಪೇಂಟ್ ತಗೊಂಡು ಕೊಕ್ಕೆಯನ್ನು ನಾನೇ ಬರೆದುಕೊಂಡೆ. ಎಡಕ್ಕೆ ಸ್ವಲ್ಪ ವಾಲಿದೆ. ಎರಡು ಒಗೆತ ದಾಟಿದೆ.