ಕೆಜಿಎಫ್ ಒನ್ ಡೇ ಟೂರ್: ಗಾಡಿ ಸೂಪರ್, ಊರು ಮಾತ್ರ ತೋರ್ಸಲ್ಲ

ಕೋಲಾರದಲ್ಲಿ ಹತ್ತಿಸ್ಕೊಂಡು ಕೆಜಿಎಫ್ ಎಲ್ಲಾ ಸುತ್ತಿಸಿ ಸಂಜೆ ವಾಪಸ್ ಬಿಡೋ ಟೂರ್ ಒಂದಿದೆ, ಇನ್‌ಸ್ಟಾದಲ್ಲಿ ಜೋರಾಗಿ ಓಡ್ತಿದೆ, ಬೆಂಗಳೂರಿಂದ ಬಂದಿದ್ದ ಕಸಿನ್ಸ್ ಜೊತೆ ನಾನೂ ಹೋಗ್ಬಂದೆ. ಗಾಡಿ ನೀಟಾಗಿದೆ, ಹೇಳಿದ್ ಟೈಮಿಗೆ ಬಂದ್ರು, ಬಂಗಾರಪೇಟೇಲಿ ನಿಲ್ಸಿ ಪಾನಿಪುರಿನೂ ತಿನ್ನಿಸಿದ್ರು (ಆ ತಿಳಿ ನೀರಿನ ಪಾನಿ ರುಚಿನೇ ಬೇರೆ ಬಿಡಿ). ಇಷ್ಟಕ್ಕೆಲ್ಲಾ ಫುಲ್ ಮಾರ್ಕ್ಸ್. ನನ್ ತಕರಾರು ಇರೋದು ಅಲ್ಲಿ ಏನ್ ತೋರಿಸ್ತಾರೆ, ಯಾರ್ ಬಾಯಲ್ಲಿ ಹೇಳಿಸ್ತಾರೆ ಅನ್ನೋದ್ರ ಬಗ್ಗೆ.

2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ್ಮೇಲೆ ಹೊರಗಿನೋರಿಗೆ ಕೆಜಿಎಫ್ ಅಂದ್ರೆ ಕತ್ತಲೆ, ಧೂಳು, ಬಂದೂಕು, ಒಬ್ಬ ಹೀರೋ ಅಷ್ಟೇ. ಟೂರ್‌ನೋರು ಮಾರ್ತಿರೋದೂ ಅದನ್ನೇ. ಮೊದ್ಲು ಕರ್ಕೊಂಡ್ ಹೋಗಿದ್ದೇ ಸೈನೈಡ್ ದಿಬ್ಬದ ಹತ್ರ, ಬೆಳಗಿನ ಮುಕ್ಕಾಲು ಭಾಗ ರೀಲ್ಸಿಗೇ ಹೋಯ್ತು, ಆ ದಿಬ್ಬ ಏನು ಅಂತ ಮಾತ್ರ ಗೈಡ್ ಒಂದ್ ಮಾತೂ ಹೇಳ್ಲಿಲ್ಲ. ಅದಿರು ಪುಡಿ ಮಾಡಿ ಸೈನೈಡಲ್ಲಿ ಚಿನ್ನ ಎಳ್ಕೊಂಡ್ಮೇಲೆ ಉಳಿದಿದ್ದನ್ನ ವರ್ಷಗಟ್ಲೆ ಸುರಿದೂ ಸುರಿದೂ ಆಗಿರೋ ಗುಡ್ಡ ಅದು, ಗಾಳಿ ಜೋರಾಗಿ ಬೀಸಿದ್ರೆ ಅದೇ ಪುಡಿ ಸುತ್ತಮುತ್ತಲ ಮನೆಗಳ ಒಳಗೆ ಬಂದು ಕೂರುತ್ತೆ. ಫೋಟೋದಲ್ಲಿ ಚೆಂದ ಕಾಣುತ್ತೆ ನಿಜ, ಫೋಟೋ ತೆಗೆದೋರು ಸಂಜೆಗೆ ಹೊರಡ್ತಾರೆ, ಉಸಿರಾಡೋರು ಅಲ್ಲೇ ಇರ್ತಾರೆ.

ಮಧ್ಯಾಹ್ನ ಊಟದ ಜಾಗದಲ್ಲಿ ಗೋಡೆ ತುಂಬಾ ಹಳೇ ಫೋಟೋ ಹಾಕಿದ್ರು. ಬಂಗಲೆ ಮುಂದೆ ಬ್ರಿಟಿಷ್ ಆಫೀಸರ್‌ಗಳು, ಹೆಂಡ್ತಿ ಮಕ್ಳು ನಾಯಿ ಸಮೇತ, ಕೆಳಗೆ ಒಬ್ಬೊಬ್ಬರ ಹೆಸ್ರೂ ಇದೆ. ಪಕ್ಕದ್ ಫ್ರೇಮಲ್ಲಿ ಶಾಫ್ಟ್ (ಗಣಿಗೆ ಇಳಿಯೋ ಬಾವಿ) ಮುಂದೆ ಐವತ್ತರವತ್ತು ಜನ ನಿಂತಿದಾರೆ, ಕೆಳಗೆ ಬರೀ ‘ಕೂಲಿಗಳು’ ಅಂತ. 1880ರಲ್ಲಿ ಬ್ರಿಟಿಷರ ಗಣಿ ಕಂಪನಿ ಜಾನ್ ಟೇಲರ್ ಬಂದ್ಮೇಲೆ ಗಣಿಗೆ ಇಳಿದೋರಲ್ಲಿ ಹೆಚ್ಚಿನೋರು ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳು ಮಾತಾಡೋ ದಲಿತರು. ಸಾಹೇಬ್ರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್, ಇವರಿಗೆ ಸಾಲಾಗಿ ಅಂಟ್ಕೊಂಡಿರೋ ಪುಟ್ಟ ಲೈನ್ ಮನೆ. ಕ್ಯಾಮೆರಾ ಆಗ್ಲೇ ಆ ಭೇದ ಮಾಡಿತ್ತು, ಈ ಟೂರೂ ಅದನ್ನೇ ಮುಂದುವರಿಸ್ತಿದೆ ಅಂತ ನನಗ್ ಅನ್ನಿಸಿದ್ದು ಅಲ್ಲೇ.

ಯಾಕಂದ್ರೆ ಊಟ ಆದ್ಮೇಲೆ ಲೈನ್ ಮನೆಗಳ ಹತ್ರ ನಿಲ್ಸಿ ಗೈಡ್ ‘ಸೆಟ್ ಹಾಕ್ದಂಗೇ ಇದೆ ಅಲ್ವಾ ಸಾರ್’ ಅಂದ. ನಲ್ಲಿ ಹತ್ರ ಕೊಡ ತುಂಬಿಸ್ತಿದ್ದ ಒಬ್ಬಮ್ಮ ಸೆರಗು ಮುಖಕ್ಕೆ ಅಡ್ಡ ಹಿಡಿದು ‘ಮನೆ ಒಳಗೆಲ್ಲಾ ತೆಗೀಬೇಡ ಕಣಪ್ಪ’ ಅಂದ್ರು, ಅಷ್ಟರಲ್ಲಿ ನಮ್ ಗುಂಪಲ್ಲೇ ಒಬ್ರು ತೆಗೆದು ಸ್ಟೋರಿ ಹಾಕಾಗಿತ್ತು. ತುಂಬಾ ಬೇಜಾರಾಯ್ತು.

ಟೀ ಕುಡಿಯುವಾಗ ಗೊತ್ತಾಗಿದ್ದು, ಡ್ರೈವರ್ ಅಣ್ಣನ ಅಪ್ಪ ಚಾಂಪಿಯನ್ ರೀಫಲ್ಲಿ ಕೆಲ್ಸ ಮಾಡಿದೋರಂತೆ. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ಕೇಜಲ್ಲಿ (ಗಣಿ ಲಿಫ್ಟಲ್ಲಿ) ಇಳಿಯೋದು, ತಳದ ಬಿಸಿ, ರಾಕ್ ಬರ್ಸ್ಟ್ ಆಗಿ ಒಳಗಿನ ಬಂಡೆ ಸಿಡಿದಾಗ ಊರೇ ಶಾಫ್ಟ್ ಹತ್ರ ಓಡಿ ಬರ್ತಿದ್ದಿದ್ದು, 2001ರ ಫೆಬ್ರವರಿಲಿ ಗಣಿ ಮುಚ್ಚಿದ್ಮೇಲೆ ಮನೇಲಿ ಏನಾಯ್ತು, ಎಲ್ಲಾ ಹೇಳಿದ್ರು. ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣದಿಂದ ಹುಟ್ಟೋ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣಾನ 1965ರಲ್ಲಿ ಇದೇ ಗಣಿ ಆಳದಲ್ಲಿ ಪತ್ತೆ ಹಚ್ಚಿದ್ದೂ ಅವರಿಗ್ ಗೊತ್ತು. ಇಡೀ ದಿನ ಮೈಕ್ ಹಿಡಿದಿದ್ದು ಮಾತ್ರ ಸಿನಿಮಾ ಡೈಲಾಗ್ ಹೊಡೆಯೋ ಬೆಂಗಳೂರಿನ ಹುಡುಗ, ಈ ಅಣ್ಣ ಸ್ಟೇರಿಂಗ್ ಹಿಡ್ಕೊಂಡು ಸುಮ್ಮನೆ ಕೂತಿದ್ರು.

ಐದಕ್ಕೆ ಎರಡು ಕೊಡ್ತೀನಿ, ಆ ಎರಡೂ ಡ್ರೈವರ್ ಅಣ್ಣಂಗೆ. ಟೂರ್‌ನೋರೇ, ದಯವಿಟ್ಟು ಮೈಕ್ ಅವರ ಕೈಗೆ ಕೊಡಿ, ಸಂಬಳಾನೂ ಗೈಡ್ ಲೆಕ್ಕದಲ್ಲೇ ಕೊಡಿ, ಲೈನ್ ಮನೆ ಹತ್ರ ಫೋಟೋ ನಿಲ್ಸಿ. ಅದಾಗೋ ತನಕ ಕೆಜಿಎಫ್‌ಗೆ ಹೋಗ್ಬೇಕು ಅನ್ನೋರು ಬಂಗಾರಪೇಟೇಲಿ ಮಾರಿಕುಪ್ಪಂ ಟ್ರೈನ್ ಹತ್ತಿ, ದಿನಾ ಬೆಂಗಳೂರಿಗೆ ಕೆಲ್ಸಕ್ಕೆ ಹೋಗ್ಬರೋ ಕೆಜಿಎಫ್‌ನೋರು ಓಡಾಡೋ ಲೈನ್ ಅದು. ಊರ್‌ಗಾಂ ಇಲ್ಲಾ ಚಾಂಪಿಯನ್ ಸ್ಟೇಷನಲ್ಲಿ ಇಳಿದು, ಅಲ್ಲಿನ ಆಟೋದವರನ್ನೇ ಕರ್ಕೊಂಡ್ ಸುತ್ತಿ.